ತವರಿಗೆ ಹೊರಟ ಗ್ರೈಂಡರ್

ನಮ್ಮ ಅಡುಗೆಮನೆಯಲ್ಲಿ ಒಂದು ಗ್ರೈಂಡರ್ ಇತ್ತು. ನಿಜ ಹೇಳಬೇಕೆಂದರೆ ಅಡುಗೆಮನೆಯೇ ಅದರದಾಗಿತ್ತು, ನಾವು ಪಕ್ಕದಲ್ಲಿ ಒಲೆ ಇಟ್ಟುಕೊಂಡು ಹೊಂದಿಕೊಂಡಿದ್ದೆವು. ಈಗಿನವರು ಕಟ್ಟೆಯ ಮೇಲೆ ಇಡುತ್ತಾರಲ್ಲ, ಆ ಪುಟ್ಟ ಗ್ರೈಂಡರ್ ಅಲ್ಲ. ನನ್ನ ಸೊಂಟದ ಎತ್ತರಕ್ಕೆ ಬರುವ ತಗಡಿನ ಪೆಟ್ಟಿಗೆ, ಅದರ ಮೇಲೆ ಕಲ್ಲಿನ ತಳದ ದೊಡ್ಡ ಪಾತ್ರೆ, ಪಾತ್ರೆಯೊಳಗೆ ಒಂದು ಗುಂಡುಕಲ್ಲು, ಪೆಟ್ಟಿಗೆಯ ಹೊಟ್ಟೆಯೊಳಗೆ ಮೋಟಾರು ಮತ್ತು ಬೆಲ್ಟು. ಸ್ವಿಚ್ ಹಾಕಿದರೆ ಮೊದಲು ಒಂದು ಸಲ ಕೆಮ್ಮುತ್ತಿತ್ತು. ಆಮೇಲೆ ಗಡಗಡ ಶುರುವಾದರೆ ಗೋಡೆಯ ಮೇಲಿನ ಕ್ಯಾಲೆಂಡರೂ ಅಲುಗುತ್ತಿತ್ತು. ನಂಜನಗೂಡಿನಲ್ಲಿ ನಮ್ಮ ಬೀದಿಯವರಿಗೆಲ್ಲ ನಾಳೆ ನಮ್ಮ ಮನೆಯಲ್ಲಿ ಇಡ್ಲಿ ಎಂದು ಹಿಂದಿನ ಸಂಜೆಯೇ ಗೊತ್ತಾಗುತ್ತಿತ್ತು.

ಇಪ್ಪತ್ತೆಂಟು ವರ್ಷ ಅದು ಒಂದು ದಿನವೂ ಕೈಕೊಡಲಿಲ್ಲ. ಅದೇ ನನ್ನ ಕಷ್ಟ. ಕೆಟ್ಟಿದ್ದರೆ ಆಚೆಗೆ ಹಾಕಬಹುದಿತ್ತು. ಕೆಡದೆ ಇರುವುದನ್ನು ಏನು ಮಾಡುವುದು? ನನ್ನ ಮಣಿಕಟ್ಟು ಮಾತ್ರ ಕೆಟ್ಟಿತು. ಆ ಗುಂಡುಕಲ್ಲನ್ನು ಎತ್ತಿ ತೊಳೆದು ಮತ್ತೆ ಇಟ್ಟು, ಎತ್ತಿ ತೊಳೆದು ಮತ್ತೆ ಇಟ್ಟು, ಬಲಗೈಯಲ್ಲಿ ಒಂದು ಲೋಟ ಹಿಡಿದರೂ ನೋವು ಮೊಣಕೈವರೆಗೆ ಓಡುವಂತಾಯಿತು. ಡಾಕ್ಟರು ಕೈಗೆ ಪಟ್ಟಿ ಸುತ್ತಿ, ಇನ್ನು ಮೇಲೆ ಭಾರ ಎತ್ತಕೂಡದು ಎಂದರು. ಸುದ್ದಿ ತಿಳಿದ ಮಗಳು ಮೈಸೂರಿನಿಂದ ಬರುವಾಗ ಒಂದು ಹೊಸ ಗ್ರೈಂಡರ್ ಹಿಡಿದುಕೊಂಡೇ ಬಂದಳು. ಅದು ಎಷ್ಟು ಚಿಕ್ಕದು ಎಂದರೆ ನಮ್ಮ ಹಳೆಯದರ ಪಾತ್ರೆಯೊಳಗೆ ಇಟ್ಟು ಮುಚ್ಚಳ ಹಾಕಬಹುದಿತ್ತು. ಜಾಗ ಬೇರೆ ಎಲ್ಲೂ ಇಲ್ಲದ್ದರಿಂದ ಕೆಲವು ದಿನ ಅಲ್ಲೇ ಇಟ್ಟಿದ್ದೆ ಕೂಡ.

ನಮ್ಮ ಯಜಮಾನರು ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕಂಬ ಹತ್ತುವುದು ನಿಂತ ಮೇಲೆ ಅವರಿಗೆ ಉಳಿದಿದ್ದ ಒಂದೇ ಮೋಟಾರು ಇದು. ಮೂರು ಸಲ ಬೆಲ್ಟು ಬದಲಿಸಿದ್ದರು. ಆಯುಧಪೂಜೆಯ ದಿನ ಸ್ಕೂಟರಿಗಿಂತ ಮೊದಲು ಇದಕ್ಕೆ ವಿಭೂತಿ ಹಚ್ಚಿ ಸೇವಂತಿಗೆ ಹಾರ ಹಾಕುತ್ತಿದ್ದರು. ನಾನು ಅದನ್ನು ತೆಗೆಯೋಣ ಎಂದ ದಿನ ಅವರು ನನ್ನನ್ನು ನೋಡಿದ ರೀತಿ ನಾನು ಇನ್ನೂ ಮರೆತಿಲ್ಲ.

"ಓಡ್ತಾ ಇರೋದನ್ನ ಯಾರಾದ್ರೂ ಆಚೆಗಾಕ್ತಾರೇನೇ?"

"ನನ್ನ ಕೈ ಓಡ್ತಾ ಇಲ್ಲ ಕಣ್ರೀ."

"ಕಲ್ಲು ನಾನು ಎತ್ತಿ ಮಡಗ್ತೀನಿ."

ಮಡಗಿದರು. ಎರಡು ವಾರ. ಮೂರನೆಯ ವಾರ ಅವರು ಪೇಟೆಗೆ ಹೋಗಿದ್ದಾಗ ಕಲ್ಲು ಹಿಟ್ಟಿನೊಳಗೇ ಉಳಿಯಿತು. ಅವರು ಬರುವಷ್ಟರಲ್ಲಿ ಹಿಟ್ಟು ಉಕ್ಕಿ ಪೆಟ್ಟಿಗೆಯ ಮೇಲಿಂದ ನೆಲಕ್ಕಿಳಿದು, ಬಾಗಿಲ ಕಡೆಗೆ ಹೊರಟಿತ್ತು. ಅವತ್ತು ನಾನು ಕೂಗಾಡಿದ್ದಕ್ಕೆ ಪಕ್ಕದ ಮನೆಯವರು ಟಿ.ವಿ. ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡರಂತೆ. ಕೊನೆಗೆ ಯಜಮಾನರು ಸೋತು, ಏನಾದರೂ ಮಾಡಿಕೋ ಎಂದರು.

ಏನಾದರೂ ಮಾಡಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಆ ಗ್ರೈಂಡರ್ ನನಗೆ ಕೊಟ್ಟದ್ದು ನನ್ನ ಅವ್ವ. ನಾವು ಈ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಟಿ. ನರಸೀಪುರದ ನನ್ನ ತವರಿನಿಂದ ದೊಡ್ಡ ಮೆರವಣಿಗೆಯಲ್ಲಿ ಬಂದ ಉಡುಗೊರೆ ಅದು. ನಮ್ಮ ಕಡೆ ತವರಿನವರು ಕೊಡುವ ಪಾತ್ರೆಪಗಡಗಳ ಮೇಲೆ ಹೆಸರು ಹಾಕಿಸದೆ ಕೊಡುವುದಿಲ್ಲ. ಲೋಟದ ಮೇಲಾದರೆ ಅಂಗಡಿಯವನೇ ಚುಕ್ಕಿ ಚುಕ್ಕಿಯಾಗಿ ಕೊರೆದುಕೊಡುತ್ತಾನೆ. ಗ್ರೈಂಡರ್ ಮೇಲೆ ಕೊರೆಯುವುದಕ್ಕಾಗದೆ ಅವ್ವ ಬೋರ್ಡ್ ಬರೆಯುವವನನ್ನೇ ಕರೆಸಿ, ಪೆಟ್ಟಿಗೆಯ ಮುಂಭಾಗಕ್ಕೆ ಕೆಂಪು ಬಣ್ಣದಲ್ಲಿ ತನ್ನ ಹೆಸರನ್ನೂ, 'ಮಗಳ ಗೃಹಪ್ರವೇಶಕ್ಕೆ ಪ್ರೀತಿಯಿಂದ' ಎಂಬುದನ್ನೂ ಬರೆಸಿದ್ದಳು. ಅವನು ಅಕ್ಷರವನ್ನು ದೊಡ್ಡದಾಗಿ ಶುರುಮಾಡಿ ಜಾಗ ಸಾಲದೆ 'ಪ್ರೀತಿ'ಯನ್ನು ಮುಂದೆ ಬರೆದು 'ಯಿಂದ' ಎಂಬುದನ್ನು ಮೂಲೆ ತಿರುಗಿಸಿ ಪಕ್ಕಕ್ಕೆ ಬರೆದಿದ್ದ.

ಅವ್ವ ನಮ್ಮ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಟ್ಟು ಕಾಲು ತೊಳೆದು ನೇರ ಅಡುಗೆಮನೆಗೆ ಹೋಗುತ್ತಿದ್ದಳು. ಸೆರಗಿನ ತುದಿಯಲ್ಲಿ ಆ ಪೆಟ್ಟಿಗೆಯನ್ನು ಒಂದು ಸಲ ಒರೆಸಿ ಆಮೇಲೆ ನನ್ನನ್ನು ಮಾತಾಡಿಸುತ್ತಿದ್ದಳು. ಫೋನಿನಲ್ಲಿಯೂ ಮೊದಲ ಪ್ರಶ್ನೆ, "ಗ್ರೈಂಡರ್ ಓಡ್ತಾ ಅದಾ?" ಎರಡನೆಯದು ಅಳಿಯಂದಿರ ಆರೋಗ್ಯ. ಈಗ ಎಂಬತ್ತರ ಹತ್ತಿರದ ಆ ಮುದುಕಿ ಮುಂದಿನ ಸಲ ಬಂದು, ಅದಿದ್ದ ಜಾಗದಲ್ಲಿ ಬರೀ ಟೈಲ್ಸ್ ನೋಡಿದರೆ? ನಾನು ಕೊಟ್ಟಿದ್ದು ಇವಳಿಗೆ ಬೇಡವಾಯಿತು ಅಂದುಕೊಂಡರೆ? ನನಗೆ ಇದ್ದದ್ದು ಅದೊಂದೇ ಭಯ. ಗ್ರೈಂಡರ್ ಹೋಗಬೇಕು, ಅವ್ವನ ಮನಸ್ಸಿಗೆ ನೋವಾಗಬಾರದು. ಈ ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ.

ಮೊದಲು ಗುಜರಿಯವನನ್ನು ಕರೆದೆ. ಅವನು ಪೆಟ್ಟಿಗೆಯನ್ನು ಎರಡು ಸಲ ತಟ್ಟಿ, ಸ್ವಿಚ್ ಹಾಕಿ ನೋಡಿದ. ಅದು ಕೆಮ್ಮಿ ತಿರುಗಿತು. ಅವನು ಸ್ವಿಚ್ ಆರಿಸಿ ನನ್ನನ್ನೇ ತಪ್ಪಿತಸ್ಥಳೆಂಬಂತೆ ನೋಡಿದ.

"ಚೆನ್ನಾಗವ್ನಲ್ಲಕ್ಕ ಇವ್ನು. ಇಂಥದನ್ನ ಒಡೆಯಕ್ಕೆ ನಂಗೆ ಕೈ ಬರಲ್ಲ. ಕೆಟ್ಟೋದ ಮೇಲೆ ಕರೀರಿ, ಬತ್ತೀನಿ."

ಯಜಮಾನರು ಅವನಿಗೆ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ನಮ್ಮ ಮನೆಗೆ ಬಂದ ಯಾವ ಗುಜರಿಯವನಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ಮಾರುವ ಹೆಂಗಸನ್ನು ಕರೆತಂದೆ. ಅವಳಿಗೆ ನೋಡಿದ ಕೂಡಲೇ ಕಣ್ಣು ಅರಳಿತು. ಸುತ್ತ ಒಂದು ಪ್ರದಕ್ಷಿಣೆ ಬಂದಳು. ಬಂದವಳು ಮುಂಭಾಗದ ಕೆಂಪು ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದಿದಳು, ಮೂಲೆ ತಿರುಗಿ ಉಳಿದದ್ದನ್ನೂ ಓದಿದಳು, ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ತವರಿನೋರು ಕೊಟ್ಟಿರೋದಾ? ಅಯ್ಯೋ, ಬ್ಯಾಡ ಕಣಕ್ಕ. ತವರಿನ ವಸ್ತು ಕಂಡೋರ ಮನೆಗೆ ಓಗಬಾರ್ದು. ನಿಮ್ಮ ತವರಿಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ."

ಅವಳು ಹೇಳಿದ್ದು ನನಗೆ ಹೊಸದಲ್ಲ. ನಮ್ಮಲ್ಲಿ ಎಲ್ಲರೂ ಹಾಗೇ ನಂಬುತ್ತಾರೆ. ತವರಿನಿಂದ ಬಂದ ಬಿಂದಿಗೆ ತೂತಾದರೂ ಅಟ್ಟದ ಮೇಲೆ ಇರುತ್ತದೆಯೇ ಹೊರತು ಬೀದಿಗೆ ಹೋಗುವುದಿಲ್ಲ. ಆದರೆ ಅವತ್ತು ಅವಳು ಹೋದ ಮೇಲೆ ನನಗೆ ತಟ್ಟನೆ ಹೊಳೆಯಿತು. ಕಂಡವರ ಮನೆಗೆ ತಾನೇ ಹೋಗಬಾರದು? ತವರಿಗೇ ಹೋದರೆ? ನರಸೀಪುರದ ಮನೆಯಲ್ಲಿ ಇರುವವರು ಅವ್ವ, ಅಣ್ಣ, ಅತ್ತಿಗೆ. ಅವರ ಗ್ರೈಂಡರ್ ಸುಟ್ಟುಹೋಗಿ ವರ್ಷವಾಗಿತ್ತು. ಅತ್ತಿಗೆ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತರುತ್ತಾಳೆ, ಅದು ಹುಳಿ ಹುಳಿ ಎಂದು ಅವ್ವ ನನ್ನ ಹತ್ತಿರ ದೂರುತ್ತಲೇ ಇದ್ದಳು. ಅವ್ವ ಕೊಟ್ಟದ್ದು ಅವ್ವನ ಕಣ್ಣೆದುರಿಗೇ ಓಡುತ್ತಿದ್ದರೆ ಅವಳಿಗೆ ಬೇಜಾರಾಗುವುದುಂಟೇ? ನನ್ನ ಬುದ್ಧಿಗೆ ನಾನೇ ಮೆಚ್ಚಿ ಆ ಸಂಜೆ ಪಾಯಸ ಮಾಡಿದೆ.

ಫೋನು ಮಾಡಿ ಹೇಳಬೇಕಾಗಿತ್ತು. ಮಾಡಲಿಲ್ಲ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೆ ಕೂತು ಅವಳ ಕೈ ಹಿಡಿದು ಹೇಳಬೇಕು ಎನಿಸಿತು. ಗ್ರೈಂಡರ್ ಜೊತೆಗೆ ಗಾಡಿಯಲ್ಲಿ ನಾನೇ ಕೂತು ಹೋಗಿ, ಇಳಿಸುವ ಮೊದಲೇ ಅವ್ವನಿಗೆ ವಿಷಯ ತಿಳಿಸುವುದೆಂದು ತೀರ್ಮಾನಿಸಿದೆ. ಸೋಮವಾರ ದೇವಸ್ಥಾನದ ಜನಸಂದಣಿ, ಮಂಗಳವಾರ ಶುಕ್ರವಾರ ಮನೆಯಿಂದ ಏನನ್ನೂ ಕಳಿಸುವ ಹಾಗಿಲ್ಲ. ಗುರುವಾರ ಎಂದಾಯಿತು.

ಒಪ್ಪದೆ ಇದ್ದಾಗ ಯಜಮಾನರು ಒಂದು ಥರ, ಒಪ್ಪಿದ ಮೇಲೆ ಇನ್ನೊಂದು ಥರ. ಕಳಿಸುವುದಾದರೆ ಸರಿಯಾಗಿ ಕಳಿಸಬೇಕು ಎಂದು ಬುಧವಾರವೇ ಬೆಲ್ಟು ಬಿಗಿ ಮಾಡಿ, ಎಣ್ಣೆ ಬಿಟ್ಟು, ಪೆಟ್ಟಿಗೆ ಒರೆಸಿದರು. ಗುಂಡುಕಲ್ಲು ದಾರಿಯಲ್ಲಿ ಉರುಳಾಡಿ ಚಕ್ಕೆ ಎದ್ದೀತೆಂದು ಅಟ್ಟದ ಮೇಲಿದ್ದ ನನ್ನ ಮದುವೆಯ ಕಬ್ಬಿಣದ ಟ್ರಂಕನ್ನು ಇಳಿಸಿ, ನನ್ನ ಹಳೆಯ ಸೀರೆಗಳನ್ನೆಲ್ಲ ತೆಗೆದು, ಕಲ್ಲಿಗೆ ಸುತ್ತಿ ಟ್ರಂಕಿನೊಳಗೆ ಮಲಗಿಸಿದರು. ಹಿಟ್ಟು ರುಬ್ಬುವಾಗ ನಾನು ಹತ್ತಿ ನಿಲ್ಲುತ್ತಿದ್ದ ಮಣೆಯನ್ನೂ, ಹಿಟ್ಟು ತುಂಬುವ ಹಿತ್ತಾಳೆ ಬೋಸಿಯನ್ನೂ ಅದರ ಜೊತೆಗೇ ಇಟ್ಟರು. ಅವೂ ತವರಿನವೇ. ಜೊತೆಗಿರಲಿ ಬಿಡು, ಒಂದೇ ಸೆಟ್ಟು ಅಂದರು.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಗೂಡ್ಸ್ ಆಟೋ ಬಂತು. ಡ್ರೈವರ್ ಪಕ್ಕದ ಸೀಟಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಕೂತಿದ್ದರು. ಅವನ ಅತ್ತೆಯಂತೆ. ನರಸೀಪುರಕ್ಕೆ ಗಾಡಿ ಹೋಗುತ್ತದೆ ಅಂತ ತಿಳಿದು, ಸಂಗಮದಲ್ಲಿ ಒಂದು ಮುಳುಗು ಹಾಕಿ ಬರುತ್ತೇನೆಂದು ಹೊರಟಿದ್ದರು.

"ನೀವು ಇಂದೆ ಕೂತ್ಕೊತೀರಾ ಅಮ್ಮಾವ್ರೆ?" ಎಂದು ಡ್ರೈವರ್ ಕೇಳಿದ.

ಹಿಂದೆ, ಗ್ರೈಂಡರ್ ತಬ್ಬಿಕೊಂಡು, ಇಡೀ ರಸ್ತೆಯ ಜನರ ಎದುರಿಗೆ ನರಸೀಪುರದವರೆಗೆ. ನಾನು ಬಸ್ಸಿನಲ್ಲಿ ಬರುತ್ತೇನೆ ಎಂದೆ. ತವರಿನ ವಿಳಾಸ ಹೇಳಿ, "ಎಲ್ಲಾ ತಗೊಂಡೋಗಪ್ಪ, ಇಲ್ಲಿ ಜಾಗ ಖಾಲಿ ಆದ್ರೆ ಸಾಕು" ಎಂದವಳೂ ನಾನೇ. ಯಜಮಾನರು ಗಾಡಿಯ ಮುಂದೆ ಒಂದು ನಿಂಬೆಹಣ್ಣು ಇಟ್ಟು ಚಕ್ರ ಹತ್ತಿಸಿ ಕಳಿಸಿದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವರು ಸ್ವಲ್ಪ ಹೊತ್ತು ರಸ್ತೆಯಲ್ಲೇ ನಿಂತಿದ್ದರು.

ನನಗೆ ಬಸ್ಸು ಸಿಕ್ಕಾಗ ಹನ್ನೊಂದೂವರೆ. ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೈನೋವಿನ ವಿಷಯ ಮಾತ್ರ ಎತ್ತಬಾರದು. ತಾನು ಕೊಟ್ಟ ಕಲ್ಲಿನಿಂದ ಮಗಳ ಕೈ ಹೋಯಿತೆಂದು ತಿಳಿದರೆ ಮುದುಕಿ ಊಟ ಬಿಡುತ್ತಾಳೆ. ಕೈಯ ಪಟ್ಟಿ ಕಾಣದಂತೆ ಸೆರಗು ಹೊದ್ದುಕೊಂಡೆ.

ತವರಿನ ಬೀದಿಗೆ ಕಾಲಿಟ್ಟಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಎದುರುಮನೆಯ ದೊಡ್ಡಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ಅವರು ನನ್ನನ್ನು ಕಂಡು ಎದ್ದು ನಿಂತದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು.

"ಬಂದ್ಯಾ ತಾಯಿ. ಓಗು, ಒಳಕ್ಕೋಗು. ಎಲ್ಲಾ ಸರಿ ಓಯ್ತದೆ" ಎಂದರು.

ಒಳಗೆ ಹೋದೆ. ಅಣ್ಣ ಇರಲಿಲ್ಲ. ಅವನ ಗೊಬ್ಬರದ ಅಂಗಡಿ ಬಾಗಿಲು ಹಾಕಿದ್ದನ್ನು ಬರುವಾಗಲೇ ನೋಡಿದ್ದೆ. ನಮ್ಮ ಅತ್ತಿಗೆ, ಒಂದು ಫೋನಾದರೂ ಮಾಡಿ ಬರಬಾರದಾ ಎಂದು ನನ್ನನ್ನು ಹೊಸ್ತಿಲಿನಲ್ಲೇ ವಿಚಾರಿಸಿಕೊಳ್ಳುವ ಅತ್ತಿಗೆ, ಅವತ್ತು ತಲೆ ಬಗ್ಗಿಸಿಕೊಂಡು ನೀರು ತಂದುಕೊಟ್ಟಳು. ಅವ್ವ ಕಂಬಕ್ಕೊರಗಿ ಕೂತಿದ್ದಳು. ಕಣ್ಣು ಕೆಂಪಗಿತ್ತು. ಆಯಿತು, ನಾನು ಹೆದರಿದ್ದೇ ಆಯಿತು, ಕೊಟ್ಟ ಉಡುಗೊರೆ ಹೇಳದೆ ಕೇಳದೆ ವಾಪಸ್ ಬಂದದ್ದು ನೋಡಿ ಅತ್ತಿದ್ದಾಳೆ ಎಂದುಕೊಂಡೆ.

ಪಕ್ಕದಲ್ಲಿ ಕೂತು, "ಅವ್ವ, ಗ್ರೈಂಡರ್ ವಿಷಯ..." ಎಂದು ಶುರುಮಾಡಿದೆ.

"ಗ್ರೈಂಡರ್ ಮಾತು ಈಗ ಬ್ಯಾಡ. ಮೊದ್ಲು ಉಣ್ಣು."

ಅದರ ಹೆಸರು ಕೇಳುವುದಕ್ಕೂ ಅವಳಿಗೆ ಆಗುತ್ತಿಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು. ಅತ್ತಿಗೆ ಎಲೆ ಹಾಕಿ, ಮುದ್ದೆಗೆ ತುಪ್ಪ ಸುರಿದಳು. ಕೇಳದೆಯೇ ಎರಡನೆಯ ಸಲ ಸುರಿದಳು. ಉಣ್ಣಲು ಕೈ ಚಾಚಿದಾಗ ಸೆರಗು ಜಾರಿತು. ಮಣಿಕಟ್ಟಿನ ಪಟ್ಟಿ ಇಬ್ಬರಿಗೂ ಕಂಡಿತು.

"ಕೈಗೇನಾಯ್ತು?" ಎಂದಳು ಅವ್ವ. ದನಿ ತೀರಾ ಸಣ್ಣಗಿತ್ತು.

"ಏನಿಲ್ಲ ಬಿಡವ್ವ. ಬಚ್ಚಲಲ್ಲಿ ಜಾರಿದೆ."

ಅವ್ವ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಅವ್ವನನ್ನು ನೋಡಿ, ಸೆರಗು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಇವಳಿಗೆ ನನ್ನ ಮೇಲೆ ಇಷ್ಟು ಪ್ರೀತಿ ಯಾವಾಗ ಬಂತು ಎಂದು ಆಶ್ಚರ್ಯಪಟ್ಟುಕೊಂಡು ಮುದ್ದೆ ಮುರಿದೆ.

ಅರ್ಧ ಮುದ್ದೆ ಇಳಿಯುವಷ್ಟರಲ್ಲಿ ಫೋನು ಬಂತು. ಯಜಮಾನರು ಪಿಸುದನಿಯಲ್ಲಿ ಮಾತಾಡುತ್ತಿದ್ದರು.

"ಏನೇ, ನಿಮ್ಮಣ್ಣ ಬಂದವ್ನೆ. ಜೊತೇಲಿ ಇಬ್ರು ಹಿರೀಕರು ಅವ್ರೆ. ಕಾಫಿ ಮಾಡ್ತೀನಿ ಅಂದ್ರೆ ಬ್ಯಾಡ ಅಂತಾರೆ. ನೀರೂ ಮುಟ್ಟಲಿಲ್ಲ. ಚಾಪೆ ತುದೀಲಿ ಕೂತವ್ರೆ."

"ಯಾಕೆ?"

"ನಂಗೇನ್ ಗೊತ್ತು. ಒಬ್ರು, ನೀವು ಕುಡೀತೀರಾ ಅಂತ ಕೇಳಿದ್ರು. ಮಜ್ಜಿಗೆ ಕುಡೀತೀನಿ ಅಂದೆ. ಅವ್ರು ನಗ್ಲಿಲ್ಲ. ಆಮೇಲೆ ಸಾಮಾನು ಇದ್ದ ಜಾಗ ತೋರ್ಸಿ ಅಂದ್ರು. ಅಡಿಗೆಮನೆಗೆ ಕರ್ಕೊಂಡೋಗಿ, ನೋಡಿ ಎಷ್ಟು ಸಲೀಸಾಗಿ ಓಡಾಡ್ಬೋದು ಈಗ, ಮೂವತ್ತು ವರ್ಷದ ಕಾಟ ತಪ್ತು ಅಂದೆ. ನಿಮ್ಮಣ್ಣ ಎದ್ದು ಆಚೆಗೋದ. ಅಲ್ಲಿ ಗೇಟ್ ಹಿಡ್ಕೊಂಡು ನಿಂತವ್ನೆ. ನಾನೇನು ತಪ್ಪು ಮಾತಾಡ್ದೆ?"

ಪಂಚಾಯ್ತಿಗೆ ಬಂದವರು ಮಾತು ಬಗೆಹರಿಯುವವರೆಗೆ ಆ ಮನೆಯ ನೀರು ಮುಟ್ಟುವುದಿಲ್ಲ. ಅದು ನನಗೆ ಗೊತ್ತಿದ್ದ ವಿಷಯವೇ. ಯಾವ ಪಂಚಾಯ್ತಿ ಎಂದು ಯೋಚಿಸುತ್ತ ತಲೆ ಎತ್ತಿದಾಗ ನಡುಮನೆಯ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ನನ್ನ ಗ್ರೈಂಡರ್ ನಿಂತಿತ್ತು. ಪಕ್ಕದಲ್ಲಿ ನನ್ನ ಮದುವೆಯ ಟ್ರಂಕು, ಮಣೆ, ಬೋಸಿ. ಟ್ರಂಕಿನ ಮುಚ್ಚಳ ಅರೆತೆರೆದು ನನ್ನ ಸೀರೆಗಳು ಹೊರಗೆ ಜೋತಿದ್ದವು. ಆಗ ನನಗೆ ನಾನು ಮಾಡಿದ ಘನಂದಾರಿ ಕೆಲಸ ಏನೆಂದು ಅರ್ಥವಾಯಿತು.

ನಮ್ಮ ಕಡೆ ಗಂಡನ ಮನೆಯಿಂದ ತವರಿನ ಸಾಮಾನು ಗಾಡಿಯಲ್ಲಿ ವಾಪಸ್ ಬರುವುದಕ್ಕೆ ಒಂದೇ ಒಂದು ಅರ್ಥ. ಸಂಬಂಧ ಮುರಿದಾಗ ಮೊದಲು ಅವಳ ಟ್ರಂಕು ಬರುತ್ತದೆ, ಪಾತ್ರೆ ಬರುತ್ತದೆ, ಆಮೇಲೆ ಬಸ್ಸಿನಲ್ಲಿ ಅವಳು ಬರುತ್ತಾಳೆ. ಇದನ್ನು ನಾನು ಚಿಕ್ಕಂದಿನಲ್ಲಿ ಇದೇ ಬೀದಿಯಲ್ಲಿ ಎರಡು ಸಲ ನೋಡಿದ್ದೆ. ತವರಿನ ವಸ್ತು ಕಂಡವರ ಮನೆಗೆ ಹೋಗಬಾರದು ಎಂಬುದನ್ನು ನೆನಪಿಟ್ಟುಕೊಂಡ ಬುದ್ಧಿವಂತೆ, ಅದು ತವರಿಗೆ ಹೋದರೆ ಏನೆಂಬುದನ್ನು ಮರೆತಿದ್ದೆ.

ಮುದ್ದೆಯ ಕೈಯಲ್ಲೇ ನಗುವುದಕ್ಕೆ ಶುರುಮಾಡಿದೆ. ನಗು ನಿಲ್ಲಲಿಲ್ಲ. ಪಾಪ, ಮಗಳಿಗೆ ತಲೆ ಕೆಟ್ಟಿತೆಂದು ಅವ್ವ ನನ್ನ ಬೆನ್ನು ಸವರತೊಡಗಿದಳು. ಫೋನನ್ನು ಅಣ್ಣನಿಗೆ ಕೊಡಿಸಿ, "ಅಣ್ಣ, ನನ್ನ ಯಾರೂ ಓಡ್ಸಿಲ್ಲ, ಗ್ರೈಂಡರ್ ಒಂದನ್ನೇ ಓಡ್ಸಿರೋದು, ಅದೂ ನಾನೇ" ಎಂದು ಹೇಳಿ ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಅವನು ಮೊದಲು, ಬಾವ ಪಕ್ಕದಲ್ಲಿ ಕೂತು ಹೀಗೆ ಹೇಳಿಸುತ್ತಿದ್ದಾರಾ ಎಂದು ಕೇಳಿದ. ಬಾವ ನಿನ್ನ ಪಕ್ಕದಲ್ಲೇ ಇದ್ದಾರಲ್ಲೋ ಎಂದೆ. ಕೊನೆಗೆ ಹಿಂದಿನಿಂದ ಒಬ್ಬ ಹಿರಿಯರ ದನಿ ಕೇಳಿಸಿತು, "ಅಂಗಾದ್ರೆ ಒಸಿ ಕಾಫಿ ಆದ್ರೂ ಮಾಡಿಸಪ್ಪ."

ಅತ್ತಿಗೆ ಬೆಳಗ್ಗೆ ನಡೆದದ್ದನ್ನು ನಕ್ಕು ನಕ್ಕು ಹೇಳಿದಳು. ಡ್ರೈವರ್ ಸಾಮಾನು ಇಳಿಸಿದ್ದಾನೆ. ಅಮ್ಮಾವ್ರು ಎಲ್ಲಿ ಎಂದರೆ ಬಸ್ಸಿನಲ್ಲಿ ಬರುತ್ತಾರೆ ಎಂದಿದ್ದಾನೆ. ಇದೆಲ್ಲ ಯಾಕೆ ಎಂದರೆ, ಜಾಗ ಖಾಲಿಯಾದರೆ ಸಾಕು ಅಂದರು ಎಂದಿದ್ದಾನೆ. ಸಂಗಮಕ್ಕೆ ಹೊರಟಿದ್ದ ಅವನ ಅತ್ತೆ ಗಾಡಿಯಲ್ಲಿ ಕೂತೇ, ಯಜಮಾನರು ನಿಂಬೆಹಣ್ಣು ಹತ್ತಿಸಿ ಕಳಿಸಿದರು ಎಂಬುದನ್ನೂ ಸೇರಿಸಿದ್ದಾರೆ. ಅಣ್ಣ ಅಲ್ಲಿಂದಲೇ ಅಂಗಡಿಗೆ ಹೋಗಿ ಬಾಗಿಲು ಎಳೆದಿದ್ದಾನೆ.

ನಾನೂ ಅತ್ತಿಗೆಯೂ ಕಣ್ಣೊರೆಸಿಕೊಂಡು ನಗುತ್ತಿದ್ದೆವು. ಅವ್ವ ನಗಲಿಲ್ಲ.

"ಅಂಗಾದ್ರೆ ಆ ಕೈ?" ಎಂದಳು.

ಇನ್ನು ಸುಳ್ಳು ಹೇಳಿದರೆ ಪಾಪ ನಮ್ಮ ಯಜಮಾನರ ತಲೆಗೇ ಬರುತ್ತಿತ್ತು. ಹೇಳಿಬಿಟ್ಟೆ. ಕಲ್ಲು ಎತ್ತಿ ಎತ್ತಿ ಹೀಗಾಯಿತು, ಡಾಕ್ಟರು ಬೇಡವೆಂದರು, ನೀನು ಕೊಟ್ಟಿದ್ದನ್ನು ಆಚೆಗೆ ಹಾಕಲು ಮನಸ್ಸು ಬರಲಿಲ್ಲ, ನಿನಗೆ ನೋವಾಗುತ್ತದೆಂದು ಹೆದರಿ ಇಷ್ಟೆಲ್ಲ ಮಾಡಿದೆ ಎಂದೆ. ಅವ್ವ ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದಳು. ಅಂಗೈ ತಿರುಗಿಸಿ ನೋಡಿದಳು.

"ಆವಾಗ್ಲೂ ಇದೇ ಕೈ" ಎಂದಳು.

ಯಾವಾಗ ಎಂದು ನಾನು ಕೇಳಬೇಕಾಗಿರಲಿಲ್ಲ. ಮದುವೆಯಾದ ವರ್ಷ, ಗಂಡನ ಕೂಡುಕುಟುಂಬದ ಹನ್ನೊಂದು ಜನರಿಗೆ ದಿನಾ ಸಂಜೆ ಒರಳುಕಲ್ಲಿನಲ್ಲಿ ರುಬ್ಬಿ, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು, ಒಂದು ದಿನ ಯಾರಿಗೂ ಹೇಳದೆ ಬ್ಯಾಗು ಹಿಡಿದು ಈ ಮನೆಗೆ ಬಂದುಬಿಟ್ಟಿದ್ದೆ. ಅವ್ವ ಊಟ ಹಾಕಿದಳು. ಕೈಗೆ ಬೆಣ್ಣೆ ಹಚ್ಚಿದಳು. ಮಡಿಲಿಗೆ ಅಕ್ಕಿ, ತೆಂಗಿನಕಾಯಿ ಹಾಕಿ ಸಂಜೆಯ ಬಸ್ಸಿಗೆ ಹತ್ತಿಸಿದಳು. ಒಂದು ಸಲ ಬಂದು ಕೂತರೆ ಊರವರ ಬಾಯಿಗೆ ಬೀಳುತ್ತೀಯ ಎಂದಳು. ಆಮೇಲೆ ನಾವಿಬ್ಬರೂ ಆ ದಿನದ ಮಾತೆತ್ತಲಿಲ್ಲ. ನಾನು ಮರೆತಿರಲಿಲ್ಲ. ಅವಳ ಮೇಲಿನ ಸಿಟ್ಟು ನನ್ನಲ್ಲಿ ಇಷ್ಟು ವರ್ಷ ಹಾಗೇ ಇತ್ತು.

"ಅವತ್ತು ನಿನ್ನ ಅಂಗೈ ನೋಡ್ದೆ ಕಣವ್ವ. ನೋಡೀನೂ ಬಸ್ ಅತ್ತಿಸ್ದೆ. ಆಮೇಲೆ ಎಷ್ಟೋ ದಿನ ನಂಗೆ ಊಟ ಸೇರ್ಲಿಲ್ಲ. ನೀನು ಸ್ವಂತ ಮನೆ ಮಾಡ್ದಾಗ ಅದ್ಕೇ ಇದನ್ನ ಕೊಡಿಸ್ದೆ, ಇನ್ನ ನನ್ನ ಮಗಳು ಕೈಯಲ್ಲಿ ರುಬ್ಬಬಾರ್ದು ಅಂತ. ಈಗ ನೋಡಿದ್ರೆ ಇದೂ ನಿನ್ನ ಕೈನೇ ತಿಂತು."

ಅದು ಉಡುಗೊರೆ ಅಂದುಕೊಂಡಿದ್ದೆ. ನೆಂಟರ ಮುಂದೆ ತೋರಿಸಿಕೊಳ್ಳಲು ಅಷ್ಟು ದೊಡ್ಡದನ್ನು ಕೊಟ್ಟಳೆಂದೂ ಅಂದುಕೊಂಡಿದ್ದೆ. ಅದು ತಪ್ಪೊಪ್ಪಿಗೆ ಎಂದು ನನಗೆ ಇಪ್ಪತ್ತೆಂಟು ವರ್ಷ ಹೊಳೆದಿರಲಿಲ್ಲ. ಪ್ರತಿಸಲ ಬಂದಾಗ ಅವಳು ಅದನ್ನು ಮುಟ್ಟಿ ನೋಡುತ್ತಿದ್ದುದು ಯಾಕೆಂದು ಈಗ ತಿಳಿದು ನನಗೆ ಅಳು ಬಂತು. ಮುಚ್ಚಿಡದೆ ಅತ್ತೆ.

ಕೈ ತೊಳೆಯಲು ಹಿತ್ತಿಲ ಕಡೆ ಹೋದಾಗ ಪಡಸಾಲೆಯ ತುಂಬ ಅಕ್ಕಿ ಮೂಟೆಗಳು ಅಡ್ಡಡ್ಡ ಬಿದ್ದಿದ್ದವು. ಅವು ಯಾವಾಗಲೂ ಇರುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಆ ಕೋಣೆಯ ಬಾಗಿಲು ತೆರೆದಿತ್ತು. ನೆಲ ಸಾರಿಸಿ ಇನ್ನೂ ಒಣಗಿರಲಿಲ್ಲ. ಗೋಡೆಗೆ ತಾಗಿ ಒಂದು ಮಂಚ, ಮಂಚದ ಮೇಲೆ ಒಗೆದ ಜಮಖಾನ, ಮೂಲೆಯ ಮೊಳೆಗೆ ಒಂದು ಕನ್ನಡಿ. ಗಾಡಿ ಬಂದ ಮೇಲೆ, ನಾನು ಬರುವುದರೊಳಗೆ, ಎಂಬತ್ತರ ಮುದುಕಿ ನಿಂತು ಮಾಡಿಸಿದ ಕೆಲಸ. ಗಂಡ ಯಾಕೆ ಬಿಟ್ಟ, ತಪ್ಪು ಯಾರದು, ಊರು ಏನನ್ನುತ್ತದೆ, ಒಂದನ್ನೂ ಕೇಳದೆ.

ಅತ್ತಿಗೆ ನನ್ನ ಹಿಂದೆಯೇ ಬಂದು, "ಇನ್ನ ಮೂಟೆ ಒಳಕ್ಕೆ ಆಕ್ಸಾದಾ ಅತ್ತೆ?" ಎಂದು ಅವ್ವನನ್ನು ಕೇಳಿದಳು.

"ಆಚೇಲೇ ಇರ್ಲಿ ಬುಡು" ಎಂದಳು ಅವ್ವ. "ಈ ಕೋಣೆ ನಾನು ಅವತ್ತೇ ಖಾಲಿ ಮಾಡ್ಬೇಕಿತ್ತು."

ಆ ಸಂಜೆ ನಾನು ಬಸ್ಸು ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ಹಬ್ಬವಿಲ್ಲ, ಬಾಣಂತನವಿಲ್ಲ, ಯಾರ ತಿಥಿಯೂ ಇಲ್ಲ, ಸುಮ್ಮನೆ ಇದ್ದೆ. ಗ್ರೈಂಡರಿಗೆ ಹಿತ್ತಿಲ ಬಾಗಿಲ ಹತ್ತಿರ ಜಾಗವಾಯಿತು. ಕಲ್ಲೆತ್ತುವ ಕೆಲಸ ಅಣ್ಣನ ಪಾಲಿಗೆ ಬಂತು, ಅನುಮಾನಪಟ್ಟಿದ್ದಕ್ಕೆ ದಂಡವೆಂದು ಅತ್ತಿಗೆಯೇ ವಿಧಿಸಿದಳು. ಬೀದಿಗೆ ಸುದ್ದಿ ಸರ್ರನೆ ಹಬ್ಬಿದ್ದರೂ, ಅದು ಸುಳ್ಳೆಂಬ ಸುದ್ದಿ ತೆವಳಿಕೊಂಡು ಹೋಯಿತು. ಬನ್ನೂರಿನಿಂದ ಒಬ್ಬ ನೆಂಟರು ಮೂರನೆಯ ದಿನ ನನ್ನನ್ನು ಸಮಾಧಾನ ಮಾಡಲು ಬಾಳೆಹಣ್ಣು ತಂದರು. ಬೇಡವೆನ್ನದೆ ತಿಂದೆವು.

ಯಜಮಾನರು ದಿನಾ ಫೋನು ಮಾಡುತ್ತಿದ್ದರು. ಹೊಸ ಗ್ರೈಂಡರ್ ಓಡಿಸುವುದು ಹೇಗೆಂದು ಕೇಳಿದರು, ಅದರ ಜೊತೆ ಪುಸ್ತಕ ಬಂದಿದೆ ಓದಿಕೊಳ್ಳಿ ಎಂದೆ. ಆ ಜಾಗ ಬಿಕೋ ಅನ್ನುತ್ತದೆ ಎಂದರು. ಯಾವುದಕ್ಕೆ ಹೇಳಿದರೋ ನಾನು ವಿಚಾರಿಸಲಿಲ್ಲ. ಹತ್ತನೆಯ ದಿನ ಅವರೇ ಸ್ಕೂಟರಿನಲ್ಲಿ ಬಂದರು. ಬಂದವರು ಮೊದಲು ಹಿತ್ತಿಲಿಗೆ ಹೋಗಿ ಬೆಲ್ಟು ನೋಡಿ, ಆಮೇಲೆ ನಡುಮನೆಗೆ ಬಂದು ಕೂತು, "ಹೊರಡೋಣವಾ?" ಎಂದರು. ನಾನು ಅಭ್ಯಾಸಬಲದಿಂದ ಬ್ಯಾಗು ತರಲು ಎದ್ದೆ.

ಅವ್ವ ಕುಂಕುಮದ ಭರಣಿ ಕೈಯಲ್ಲಿ ಹಿಡಿದಿದ್ದಳು. ತೆರೆಯಲಿಲ್ಲ. ಅಳಿಯಂದಿರ ಎದುರಿಗೇ ನನ್ನ ಮುಖ ನೋಡಿ ಕೇಳಿದಳು.

"ಓಯ್ತೀಯವ್ವಾ?"

ಮದುವೆಯ ದಿನ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಬೊಬ್ಬೆಯ ಕೈ ಹಿಡಿದು ಬಸ್ಸು ಹತ್ತಿದ ಸಂಜೆಯೂ ಕೇಳಿರಲಿಲ್ಲ. ನಾನು ಮತ್ತೆ ಕೂತುಕೊಂಡೆ.

"ನಾಳೆ ಹೋಗ್ತೀನಿ" ಎಂದೆ.

ಅತ್ತಿಗೆ ಅಳಿಯಂದಿರಿಗೆ ಚಾಪೆ ತರಲು ಒಳಗೆ ಹೋದಳು.